ವಂಶಾವಳಿಯೂ ಒಂದು ನ್ಯಾಸ

ಕಳೆದ ಕೆಲವು ವರ್ಷಗಳಿಂದ ನಮ್ಮ ಸಮಾಜದಲ್ಲಿ ವಂಶಾವಳಿ ಸಂಗ್ರಹಿಸುವ ಉತ್ಸಾಹ ಎಲ್ಲೆಡೆ ಕಾಣಿಸಿಕೊಂಡಿದೆ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ತರುಣರೂ ಹೊರದೇಶಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳೂ ತಮ್ಮ ಮೂಲ ಊರು ಯಾವುದು, ಮನೆತನದ ಹಿರಿಯರು ಯಾರು, ಯಾವ ಬಸದಿಗೆ ಯಾರು ದತ್ತಿ ಬಿಟ್ಟರು ಎಂದು ಕೇಳತೊಡಗಿದ್ದಾರೆ. ಹಳೆಯ ಪೆಟ್ಟಿಗೆಗಳಿಂದ ಲಗ್ನಪತ್ರಿಕೆಗಳು, ಪಾಲುಪಟ್ಟಿಗಳು, ಕಿರ್ದಿ ಪುಸ್ತಕಗಳು ಹೊರಬರುತ್ತಿವೆ. ಎಂಬತ್ತು, ತೊಂಬತ್ತು ವಯಸ್ಸಿನ ಅಜ್ಜಿಯರ ಮುಂದೆ ಮೊಮ್ಮಕ್ಕಳು ಕುಳಿತು ಅವರ ಮಾತನ್ನು ಬರೆದುಕೊಳ್ಳುತ್ತಿದ್ದಾರೆ. ಇದು ಸಂತೋಷಪಡಬೇಕಾದ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಸಂಗ್ರಹಿಸುವುದು ಒಂದು ಕಾರ್ಯ. ಸಂಗ್ರಹಿಸಿದುದನ್ನು ಲೋಕದ ಮುಂದೆ ಹರಡುವುದು ಇನ್ನೊಂದು ಕಾರ್ಯ. ಇವೆರಡರ ನಡುವೆ ಇರುವ ಗೆರೆಯನ್ನು ನಮ್ಮವರು ಮರೆತಿದ್ದಾರೆ. ಬರೆದುಕೊಂಡ ವಿವರಗಳೆಲ್ಲ ಅದೇ ದಿನ ಸಂಜೆ ಅಂತರಜಾಲದ ವಂಶವೃಕ್ಷಕ್ಕೆ ಏರುತ್ತವೆ. ಹೆಸರು, ಹುಟ್ಟಿದ ತಾರೀಖು, ತವರು, ಮದುವೆ, ವಿಚ್ಛೇದನ, ದತ್ತು, ಕಾಯಿಲೆ, ಉದ್ಯೋಗ, ಈಗಿನ ವಿಳಾಸ, ಜೊತೆಗೊಂದು ಭಾವಚಿತ್ರ. ಯಾರ ವಿವರ ಏರಿತೋ ಅವರನ್ನು ಯಾರೂ ಕೇಳಿರುವುದಿಲ್ಲ. ನನ್ನ ವಾದ ಇಷ್ಟೇ: ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಹೀಗೆ ಹರಡುವವನು ಇತಿಹಾಸದ ಸೇವೆ ಮಾಡುತ್ತಿದ್ದೇನೆಂದು ಭಾವಿಸಿಕೊಂಡು, ತನ್ನಲ್ಲಿ ಇಟ್ಟ ಠೇವಣಿಯನ್ನು ಕೇಳದೆ ಖರ್ಚು ಮಾಡುತ್ತಿದ್ದಾನೆ. ಈ ಮಾತು ಕೆಲವರಿಗೆ ಕಹಿಯಾಗಬಹುದು. ಆದರೂ ಹೇಳಲೇಬೇಕಾಗಿದೆ.

ಶಾಸನದ ಮಾತು, ಹೆಳವರ ಮಾತು

ಉತ್ಸಾಹಿಗಳು ಮೊದಲು ಮುಂದಿಡುವುದು ಶಾಸನಗಳ ಸಾಕ್ಷ್ಯವನ್ನು. "ನಮ್ಮ ಪೂರ್ವಿಕರು ವಂಶದ ವಿವರಗಳನ್ನು ಬಂಡೆಯ ಮೇಲೆ ಕೊರೆಸಿದರು. ಊರಿಗೆಲ್ಲ ಕಾಣುವಂತೆ ನಿಲ್ಲಿಸಿದರು. ನಾವು ಅದನ್ನೇ ಹೊಸ ಸಾಧನದಲ್ಲಿ ಮಾಡಿದರೆ ತಪ್ಪೇನು?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ತೂಕದ್ದು, ಉತ್ತರವೂ ತೂಕದ್ದಾಗಿರಬೇಕು.

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹೊರತಂದ ಸಂಪುಟದಲ್ಲಿ ಅವುಗಳ ಸಂಖ್ಯೆ 500ಕ್ಕೆ ಏರಿತು. ಇವುಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿಯೂ ಪತ್ನಿ ಲಕ್ಷ್ಮೀಮತಿಗಾಗಿಯೂ ಚಿಕ್ಕಬೆಟ್ಟದಲ್ಲಿ ನಿಲ್ಲಿಸಿದ ಸ್ಮಾರಕ ಶಾಸನಗಳಿವೆ. ರನ್ನನು 993ರಲ್ಲಿ ರಚಿಸಿದ ಅಜಿತಪುರಾಣದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಮನೆತನದ ವಿವರವೇ ದೊರೆಯುತ್ತದೆ. ಇವೆಲ್ಲ ನಮ್ಮ ಹೆಮ್ಮೆಯ ದಾಖಲೆಗಳು.

ಆದರೆ ಇವುಗಳನ್ನು ಬರೆಯಿಸಿದವರು ಯಾರು? ಗಂಗರಾಜನು ಬರೆಯಿಸಿದ್ದು ಅಗಲಿದ ತನ್ನ ತಾಯಿಯ, ತನ್ನ ಪತ್ನಿಯ ವಿಷಯ. ಅತ್ತಿಮಬ್ಬೆ ಆಗ ಬದುಕಿದ್ದಳು. ಆಕೆಯ ಆಶ್ರಯದಲ್ಲಿಯೇ ಆ ಕಾವ್ಯ ರಚಿತವಾಯಿತು. ಅಂದರೆ ವಿವರ ಯಾರದೋ ಅವರ ಅಥವಾ ಅವರ ಮನೆಯವರ ಇಚ್ಛೆಯಿಂದಲೇ ಅದು ಪ್ರಕಟವಾಯಿತು. ಅವರು ಏನು ದಾನ ಮಾಡಿದರು, ಯಾರನ್ನು ಗುರುವಾಗಿ ಸ್ವೀಕರಿಸಿದರು, ಹೇಗೆ ದೇಹತ್ಯಾಗ ಮಾಡಿದರು ಎಂಬುದನ್ನು ಶಾಸನ ಹೇಳುತ್ತದೆ. ಮನೆಯ ಜಗಳ, ಸೊಸೆಯ ಕಣ್ಣೀರು, ಮಗನ ಸಾಲ ಇವು ಆ ಮನೆಗಳಲ್ಲಿಯೂ ಇದ್ದಿರಬೇಕು. ಅವುಗಳನ್ನು ಕಲ್ಲಿಗೆ ಏರಿಸಲು ಯಾರೂ ಹೋಗಲಿಲ್ಲ. ಯಾವುದನ್ನು ಬಿಡಬೇಕು ಎಂಬ ವಿವೇಕ ಉಳಿಗೆ ಕೈಹಾಕುವ ಮೊದಲೇ ಕೆಲಸ ಮಾಡಿತ್ತು.

ಹೆಳವರ ಪದ್ಧತಿಯನ್ನೂ ನೋಡಿರಿ. ಎತ್ತಿನೊಂದಿಗೆ ಊರೂರು ತಿರುಗಿ, ಒಕ್ಕಲು ಮನೆತನಗಳ ತಲೆಮಾರುಗಳನ್ನು ನೆನಪಿನಲ್ಲಿಯೂ ಬರಹದಲ್ಲಿಯೂ ಕಾಪಾಡಿಕೊಂಡು ಬಂದವರು ಅವರು. ಆಯಾ ಮನೆಯ ವಂಶವನ್ನು ಆಯಾ ಮನೆಯ ಬಾಗಿಲಲ್ಲಿ ನಿಂತು ಹೇಳಿ, ಕಾಳುಕಡಿ, ಬಟ್ಟೆಬರೆ ಪಡೆದು ಮುಂದೆ ಹೋಗುತ್ತಾರೆ. ಹೊಸ ಮಗು ಹುಟ್ಟಿದ್ದರೆ ಮನೆಯವರೇ ಹೇಳಿ ಸೇರಿಸುತ್ತಾರೆ. ಹೇಳುವವನು, ಕೇಳುವವನು, ಹೇಳಿಸಿಕೊಳ್ಳುವವನು ಎಲ್ಲರೂ ಒಬ್ಬರ ಮುಖ ಒಬ್ಬರು ಬಲ್ಲವರು. ಅಂತರಜಾಲದ ವಂಶವೃಕ್ಷಕ್ಕೆ ಇಂತಹ ಬಾಗಿಲಿಲ್ಲ. ಓದುವವನು ಯಾರು, ಎಲ್ಲಿ ಕುಳಿತಿದ್ದಾನೆ, ಯಾವ ಉದ್ದೇಶದಿಂದ ಓದುತ್ತಿದ್ದಾನೆ ಎಂಬುದು ಏರಿಸಿದವನಿಗೆ ಎಂದಿಗೂ ತಿಳಿಯುವುದಿಲ್ಲ.

ಇದು ಯಾರ ಸೊತ್ತು?

"ಇದು ನನ್ನ ಮನೆತನದ ಇತಿಹಾಸ. ಹಣ ಖರ್ಚು ಮಾಡಿ, ಊರೂರು ಅಲೆದು ಕೂಡಿಸಿದವನು ನಾನು. ಪ್ರಕಟಿಸುವ ಹಕ್ಕು ನನ್ನದು" ಎಂಬ ಮಾತನ್ನು ಪದೇ ಪದೇ ಕೇಳುತ್ತೇವೆ. ದುಡಿಮೆ ಅವರದು ಎಂಬುದನ್ನು ಒಪ್ಪೋಣ. ಆದರೆ ದುಡಿಮೆ ಮಾಡಿದ ಮಾತ್ರಕ್ಕೆ ಸರಕು ತನ್ನದಾಗುವುದಿಲ್ಲವೆಂಬುದು ವ್ಯಾಪಾರದ ಮೊದಲ ಪಾಠ. ದಲಾಲಿ ಮಾಡುವವನು ನೂರು ಮೂಟೆ ಅಡಕೆಯನ್ನು ತನ್ನ ಗೋದಾಮಿನಲ್ಲಿ ಇಟ್ಟುಕೊಂಡಿರಬಹುದು. ಬೆವರು ಅವನದು, ಅಡಕೆ ಬೆಳೆದವನದು.

ನಾಲ್ಕು ದಶಕ ಅಂಗಡಿಯ ಗಾದಿಯಲ್ಲಿ ಕುಳಿತವನಾಗಿ ಇನ್ನೊಂದು ಮಾತು ಹೇಳುತ್ತೇನೆ. ಪ್ರತಿಯೊಬ್ಬ ವರ್ತಕನ ಬಳಿಯೂ ಉದ್ರಿ ಪುಸ್ತಕವಿರುತ್ತದೆ. ಊರಿನ ಯಾವ ಗೌರವಸ್ಥರು ಎಷ್ಟು ಬಾಕಿ ಇಟ್ಟಿದ್ದಾರೆ, ಯಾರು ಹಬ್ಬಕ್ಕೆ ಬಟ್ಟೆ ಕೊಂಡು ಮೂರು ವರ್ಷ ತೀರಿಸಿಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಪುಸ್ತಕ ವರ್ತಕನದು, ಬರಹ ವರ್ತಕನದು, ಅದರ ಒಂದೊಂದು ಸಾಲೂ ಸತ್ಯ. ಆದರೂ ಒಬ್ಬ ಗಿರಾಕಿಯ ಪುಟವನ್ನು ಇನ್ನೊಬ್ಬನಿಗೆ ತೋರಿಸುವ ವರ್ತಕನನ್ನು ಊರು ಕ್ಷಮಿಸುವುದಿಲ್ಲ. ಅಂಗಡಿಗೆ ತಲೆಮಾರುಗಳಿಂದ ಬಂದ ಮರ್ಯಾದೆ ಒಂದು ದಿನದಲ್ಲಿ ಹೋಗುತ್ತದೆ. ಈ ಮರ್ಯಾದೆಯನ್ನು ಅಂಗಡಿಯಲ್ಲಿ ಪಾಲಿಸುವ ನಾವೇ ಮನೆಯ ವಿಷಯದಲ್ಲಿ ಅದನ್ನು ಗಾಳಿಗೆ ತೂರುತ್ತಿರುವುದು ವಿಚಿತ್ರ.

ನಮ್ಮ ಆಚಾರ್ಯರು ಈ ವಿಷಯದಲ್ಲಿ ಮೌನವಾಗಿಲ್ಲ. ಶ್ರಾವಕನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ರಹೋಭ್ಯಾಖ್ಯಾನ ಒಂದು. ಏಕಾಂತದಲ್ಲಿ ನಡೆದುದನ್ನು ಬಹಿರಂಗಪಡಿಸುವುದು ಅದು. ನ್ಯಾಸಾಪಹಾರ ಇನ್ನೊಂದು, ತನ್ನಲ್ಲಿ ಇಟ್ಟ ಒಡವೆಯನ್ನು ಅಪಹರಿಸುವುದು. ಇದು ಅಚೌರ್ಯವ್ರತದ ಕೆಳಗೆ ಬಾರದೆ ಸತ್ಯವ್ರತದ ಕೆಳಗೆ ಬಂದಿರುವುದೇಕೆ ಎಂಬುದನ್ನು ವಾಚಕರು ಯೋಚಿಸಬೇಕು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬಹಳ ಸೂಕ್ಷ್ಮವಾದುದು. ಇಟ್ಟವನು ಎಣಿಕೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು "ಹೌದು, ಅಷ್ಟೇ" ಎಂದು ಒಪ್ಪಿಬಿಡುತ್ತಾನೆ. ಬಲವಂತವಿಲ್ಲ, ಕನ್ನವಿಲ್ಲ. ಇನ್ನೊಬ್ಬನ ಮರೆವಿನಿಂದ ಲಾಭ ಪಡೆದುದಷ್ಟೇ ದೋಷ.

ನಮ್ಮ ಸೋದರತ್ತೆಯೋ ದೊಡ್ಡಮ್ಮನೋ ಊಟದ ನಂತರ ಎಲೆ ಮಡಿಸುತ್ತ, ಐವತ್ತು ವರ್ಷದ ಹಿಂದಿನ ಮಾತನ್ನು ಬಾಯಿಬಿಟ್ಟು ಹೇಳುತ್ತಾರೆ. ಯಾವ ಮಗು ಯಾರಿಂದ ದತ್ತು ಬಂದದ್ದು, ಯಾವ ಅಣ್ಣನಿಗೆ ಬುದ್ಧಿಭ್ರಮಣೆ ಆಗಿತ್ತು, ಯಾವ ತಂಗಿ ಗಂಡನ ಮನೆ ಬಿಟ್ಟು ಬಂದಳು ಎಂದು ನಂಬಿ ಹೇಳುತ್ತಾರೆ. ಕೇಳುವವನು ಮನೆಯ ಮಗನೆಂದೇ ಆ ಮಾತು ಹೊರಬಂದದ್ದು. ಎರಡು ದಿನ ಕಳೆದ ಮೇಲೆ ತಾವು ಏನೇನು ಹೇಳಿದೆವು ಎಂಬುದು ಅವರಿಗೆ ನೆನಪಿರುವುದಿಲ್ಲ. ಧ್ವನಿಮುದ್ರಿಸಿಕೊಂಡವನಿಗೆ ನೆನಪಿರುತ್ತದೆ. ಅದನ್ನು ಅವರಿಗೆ ಮರಳಿ ಓದಿ ಹೇಳದೆ, "ಇದನ್ನು ಬರೆಯಲೇ?" ಎಂದು ಕೇಳದೆ ಪ್ರಕಟಿಸುವವನು ಇಟ್ಟವರ ಮರೆವನ್ನು ಬಳಸಿಕೊಂಡವನೇ ಆಗುತ್ತಾನೆ.

ಕೆಲವು ಆಕ್ಷೇಪಗಳಿಗೆ ಉತ್ತರ

ಒಂದು ಆಕ್ಷೇಪ: "ನಾವು ಬರೆದಿರುವುದೆಲ್ಲ ಸತ್ಯ. ಸತ್ಯವನ್ನು ಹೇಳಲು ಹೆದರಿಕೆ ಏಕೆ?" ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿದ್ದಾರೆ. ಪರರಿಗೆ ವಿಪತ್ತು ತರುವ ನುಡಿ ಸತ್ಯವೇ ಆಗಿದ್ದರೂ ಅಣುವ್ರತಿ ಅದನ್ನು ನುಡಿಯಬಾರದೆಂಬುದು ಅವರ ಅಭಿಪ್ರಾಯ. ಅಜ್ಜನ ತಮ್ಮನಿಗೆ ಮಾನಸಿಕ ಕಾಯಿಲೆ ಇದ್ದುದು ಸತ್ಯವಿರಬಹುದು. ಅದನ್ನು ಓದಿ ಒಬ್ಬ ಹೆಣ್ಣುಮಗಳ ಸಂಬಂಧ ತಪ್ಪಿಹೋದರೆ, ಬರೆದವನು "ನಾನು ಸತ್ಯ ಹೇಳಿದೆ" ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯು ರೋಗಿಯ ವಿವರಗಳನ್ನು ಗುಟ್ಟಾಗಿ ಇಡಬೇಕೆಂದು ವೈದ್ಯರನ್ನು ಕಟ್ಟಿಹಾಕಿದೆ. ವೈದ್ಯನು ಬಾಯಿಬಿಡಬಾರದಾದ ಮಾತನ್ನು ಚಿಕ್ಕಪ್ಪನ ಮಗನು ಲೋಕಕ್ಕೆ ಸಾರಬಹುದೇ?

ಇನ್ನೊಂದು ಆಕ್ಷೇಪ: "ಶುದ್ಧವಾಗಿ ಬದುಕುವವರು ಮುಚ್ಚಿಡುವುದೇನಿದೆ?" ಇದನ್ನು ಹೇಳುವವರು ಬಹುಮಟ್ಟಿಗೆ ಗಂಡಸರು, ಸ್ಥಿತಿವಂತರು, ಸಮಾಜದಲ್ಲಿ ನೆಲೆಯುಳ್ಳವರು. ಹೊಡೆಯುವ ಗಂಡನಿಂದ ದೂರವಾಗಿ ಬೇರೆ ಊರಿನಲ್ಲಿ ಬದುಕುತ್ತಿರುವ ಹೆಂಗಸಿಗೆ ತನ್ನ ವಿಳಾಸ ಗುಟ್ಟಾಗಿರುವುದು ಪ್ರಾಣದ ಪ್ರಶ್ನೆ. ಬೇರೆ ಜಾತಿಯಲ್ಲಿ ಮದುವೆಯಾಗಿ ಮನೆಯವರ ಸಿಟ್ಟಿಗೆ ಅಂಜಿ ದೂರ ಹೋದವರಿಗೂ ಹಾಗೆಯೇ. ತಾನು ದತ್ತು ಮಗನೆಂಬುದನ್ನು ತಂದೆತಾಯಿಯ ಬಾಯಿಂದ ಕೇಳಬೇಕಾದ ಹುಡುಗನು ಅದನ್ನು ಮೊಬೈಲಿನಲ್ಲಿ ಓದಿದರೆ ಆಗುವ ನೋವಿಗೆ ಯಾರು ಹೊಣೆ? ಇವರಲ್ಲಿ ಯಾರೂ ಯಾವ ತಪ್ಪನ್ನೂ ಮಾಡಿದವರಲ್ಲ.

ಮತ್ತೊಂದು: "ಈಗಾಗಲೇ ಎಲ್ಲರ ವಿವರವೂ ಎಲ್ಲೆಡೆ ಇದೆ. ನಾವು ತಡೆದು ಏನು ಪ್ರಯೋಜನ?" ಊರಿನಲ್ಲಿ ಕಳ್ಳರಿದ್ದಾರೆಂದು ನಮ್ಮ ಮನೆಯ ಬಾಗಿಲನ್ನು ನಾವೇ ಕಿತ್ತು ಹಾಕುವುದಿಲ್ಲ. ಅಲ್ಲದೆ ಚದುರಿದ ವಿವರಕ್ಕೂ ಜೋಡಿಸಿದ ವಿವರಕ್ಕೂ ಬಹಳ ವ್ಯತ್ಯಾಸವಿದೆ. ಒಬ್ಬರ ಹೆಸರು ಒಂದು ಕಡೆ, ಫೋನ್ ಸಂಖ್ಯೆ ಇನ್ನೊಂದು ಕಡೆ ಇದ್ದರೆ ಅದು ಬಿಡಿ ಕಾಗದ. ಮೂರು ತಲೆಮಾರಿನ ಸಂಬಂಧದೊಂದಿಗೆ ಅದನ್ನು ಪೋಣಿಸಿ ಕೊಟ್ಟರೆ ಅದು ಮೋಸಗಾರನ ಕೈಗೆ ಸಿದ್ಧಪಡಿಸಿ ಕೊಟ್ಟ ಖಾತೆ ಪುಸ್ತಕ.

ಕೊನೆಯ ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ. ಹೆಣ್ಣುಮಕ್ಕಳ ಪಾಲಿಗೆ ಹಳೆಯ ವಂಶಾವಳಿಗಳು ಅನ್ಯಾಯ ಮಾಡಿವೆ; ಗಂಡುಸಂತಾನದ ಹೆಸರು ಮಾತ್ರ ಬರೆದು, ಹೆಣ್ಣುಮಕ್ಕಳಿದ್ದ ಜಾಗದಲ್ಲಿ ಬರೀ ಸಂಖ್ಯೆ ಹಾಕಿದ ಪಟ್ಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. "ಖಾಸಗಿತನದ ಹೆಸರಿನಲ್ಲಿ ಮತ್ತೆ ಅವರ ಹೆಸರನ್ನು ಅಳಿಸುತ್ತೀರಾ?" ಎಂದು ಹೆಣ್ಣುಮಕ್ಕಳು ಕೇಳಿದರೆ ತಲೆತಗ್ಗಿಸಿ ಕೇಳಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕುದಾರಳಾಗಿದ್ದಾಳೆ. 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಮನೆಯ ವಂಶಾವಳಿಯಲ್ಲಿ, ಪಾಲುಪತ್ರಗಳಲ್ಲಿ, ಬಸದಿಯ ದಾಖಲೆಗಳಲ್ಲಿ ಅವರ ಹೆಸರು ಪೂರ್ಣವಾಗಿ ಇರಲೇಬೇಕು. ಆದರೆ ಮನೆಯ ಪುಸ್ತಕದಲ್ಲಿ ಇರುವುದು ಬೇರೆ, ಬೀದಿಯ ಗೋಡೆಯ ಮೇಲೆ ಇರುವುದು ಬೇರೆ. ಖಾಸಗಿತನವು ಮಗಳ ಕೈಯಲ್ಲಿರುವ ಬೀಗದ ಕೈ. ಅವಳ ಹೆಸರನ್ನು ಅಳಿಸಲು ಅಣ್ಣತಮ್ಮಂದಿರು ಅದನ್ನು ನೆಪ ಮಾಡಿಕೊಂಡರೆ ಅದು ಇನ್ನೊಂದು ದ್ರೋಹವೇ ಸರಿ.

ಅಪಾಯದ ಲೆಕ್ಕ

ಇನ್ನು ಲೌಕಿಕ ಅಪಾಯದ ಮಾತು. ಬ್ಯಾಂಕಿನ ದೂರವಾಣಿ ಸೇವೆಯಲ್ಲಿ ನಮ್ಮ ಗುರುತನ್ನು ಖಚಿತಪಡಿಸಿಕೊಳ್ಳಲು ಹುಟ್ಟಿದ ತಾರೀಖು, ತಾಯಿಯ ಹೆಸರು ಮುಂತಾದವನ್ನು ಕೇಳುವುದುಂಟು. ಇ-ಆಧಾರ್ ಕಡತವನ್ನು ತೆರೆಯುವ ಗುಪ್ತಪದವು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಹುಟ್ಟಿದ ಇಸವಿಯೂ ಸೇರಿ ಆದುದು. ಅಂದರೆ ಇವೆರಡನ್ನೂ ಬಲ್ಲವನ ಕೈಗೆ ಆ ಕಡತ ಸಿಕ್ಕಿದರೆ ಅದನ್ನು ತೆರೆಯಲು ಅವನಿಗೆ ಬೇರೇನೂ ಬೇಕಾಗಿಲ್ಲ. ಅಂತರಜಾಲದ ವಂಶವೃಕ್ಷದಲ್ಲಿ ಪ್ರತಿಯೊಂದು ಹೆಸರಿನ ಕೆಳಗೂ ಮೊದಲು ಕಾಣುವುದು ಇಸವಿಯೇ. ನಾವು ಪ್ರೀತಿಯಿಂದ ತುಂಬಿದ ಪಟ್ಟಿ ಬೀಗದ ಕೈಗಳ ಗೊಂಚಲಾಗಿದೆ.

ಪೊಲೀಸರ ವೇಷ ಹಾಕಿ ವೀಡಿಯೊ ಕರೆಯಲ್ಲಿ ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಮೋಸದ ಬಗ್ಗೆ ಪ್ರಧಾನಮಂತ್ರಿಗಳೇ 2024ರ ಅಕ್ಟೋಬರಿನಲ್ಲಿ ಆಕಾಶವಾಣಿಯಲ್ಲಿ ದೇಶವನ್ನು ಎಚ್ಚರಿಸಬೇಕಾಯಿತು. ಇಂತಹ ಕರೆ ಮಾಡುವವನಿಗೆ ಮಗನ ಹೆಸರು, ಸೊಸೆಯ ಊರು, ಮೊಮ್ಮಗ ಓದುವ ದೇಶ ತಿಳಿದಿದ್ದರೆ ಅವನ ಸುಳ್ಳಿಗೆ ಸತ್ಯದ ಬಣ್ಣ ಬರುತ್ತದೆ. ಒಂಟಿಯಾಗಿರುವ ವೃದ್ಧರು ನಂಬಿಬಿಡುತ್ತಾರೆ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು. ಆದರೆ ಮೋಸಗಾರನಿಗೆ ಸಂಬಂಧಗಳ ಪಟ್ಟಿಯನ್ನು ನಾವೇ ಒದಗಿಸದಿರುವುದು ಅದಕ್ಕಿಂತ ಮೊದಲಿನ ಎಚ್ಚರಿಕೆ.

ಆಸ್ತಿಯ ದೃಷ್ಟಿಯಿಂದಲೂ ಯೋಚಿಸಿರಿ. 1872ರ ಸಾಕ್ಷ್ಯ ಕಾಯಿದೆಯ ಕಾಲದಿಂದ, ವಿವಾದ ಹುಟ್ಟುವ ಮೊದಲೇ ಬರೆದ ಕುಟುಂಬದ ವಂಶಾವಳಿಗೆ ಸಂಬಂಧವನ್ನು ಸ್ಥಾಪಿಸುವ ವಿಷಯದಲ್ಲಿ ನ್ಯಾಯಾಲಯಗಳಲ್ಲಿ ಒಂದು ಬೆಲೆಯಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ ಉಳಿದಿದೆ. ಅಂತಹ ಬೆಲೆಯುಳ್ಳ ವಸ್ತುವನ್ನು ಕೇಳಿದ್ದು, ಊಹಿಸಿದ್ದು, ಯಾರೋ ಸೇರಿಸಿದ್ದು ಎಲ್ಲವನ್ನೂ ಕಲಸಿ ಹರಡಿಬಿಟ್ಟರೆ ನಾಳೆ ದಾಯಾದಿಗಳ ನಡುವೆ ಇಲ್ಲದ ವ್ಯಾಜ್ಯಕ್ಕೆ ಅದೇ ಬೀಜವಾದೀತು.

ಹೊರದೇಶದ ಒಂದು ಪ್ರಸಂಗ ನಮ್ಮ ಕಣ್ಣು ತೆರೆಸಬೇಕು. ಎಂಜಲನ್ನು ಪರೀಕ್ಷಿಸಿ ಪೂರ್ವಜರ ಮೂಲವನ್ನೂ ದೂರದ ಬಂಧುಗಳನ್ನೂ ತಿಳಿಸುವ ಅಮೆರಿಕದ 23ಆಂಡ್‌ಮಿ ಎಂಬ ಕಂಪನಿಯ ದಾಖಲೆಗಳು ಕಳುವಾದ ಸಂಗತಿ 2023ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದಿತು. ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಖಾತೆಗಳಿಗೆ ಮಾತ್ರ. ಆದರೆ ಆ ಖಾತೆಗಳು ಬಂಧುಗಳ ಖಾತೆಗಳೊಂದಿಗೆ ಹೆಣೆದುಕೊಂಡಿದ್ದುದರಿಂದ ಸುಮಾರು 69 ಲಕ್ಷ ಜನರ ವಿವರಗಳು ಅವರ ಕೈಸೇರಿದವು. ತಮ್ಮ ಬಾಗಿಲನ್ನು ಭದ್ರಪಡಿಸಿಕೊಂಡಿದ್ದವರೂ ಬಂಧುವಿನ ಬಾಗಿಲು ಸಡಿಲವಾಗಿದ್ದುದರಿಂದ ಬಯಲಿಗೆ ಬಿದ್ದರು. ಕದ್ದ ಮಾಲಿನಲ್ಲಿ ಯೆಹೂದಿ ಮೂಲದವರದೇ ಒಂದು ಪಟ್ಟಿ, ಚೀನೀ ಮೂಲದವರದೇ ಒಂದು ಪಟ್ಟಿ ಎಂದು ಬೇರ್ಪಡಿಸಿ ಮಾರಾಟಕ್ಕಿಡಲಾಯಿತು. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ರಾಜ್ಯದ ಅಟಾರ್ನಿ ಜನರಲ್ ಅವರು, ತಮ್ಮ ದಾಖಲೆಗಳನ್ನು ಅಳಿಸುವಂತೆ ಕಂಪನಿಗೆ ಹೇಳುವ ಹಕ್ಕು ಗ್ರಾಹಕರಿಗಿದೆಯೆಂದು ಪ್ರಕಟಣೆ ಹೊರಡಿಸಿ ಎಚ್ಚರಿಸಿದರು. ಕೊನೆಗೆ ಸಂಸ್ಥಾಪಕಿಯೇ ಮುನ್ನಡೆಸುವ ಲಾಭರಹಿತ ಸಂಸ್ಥೆಯೊಂದು 30.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ ದಿವಾಳಿಯಾದಾಗ ಬೀರು, ತಕ್ಕಡಿಗಳೊಂದಿಗೆ ಖಾತೆ ಪುಸ್ತಕವೂ ಲಿಲಾವಿಗೆ ಬರುತ್ತದೆ.

ಈ ಪ್ರಸಂಗ ಚಿಕ್ಕ ಸಮಾಜಗಳಿಗೆ ವಿಶೇಷವಾದ ಪಾಠ. 2011ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಕೋಟಿಗಟ್ಟಲೆ ಜನರಿರುವ ಸಮಾಜದ ಸಂಪೂರ್ಣ ವಂಶಾವಳಿ ಮಾಡುವುದು ಯಾರಿಂದಲೂ ಆಗದು. ನಮ್ಮದು ಹಾಗಲ್ಲ, ಹತ್ತಾರು ಉತ್ಸಾಹಿಗಳ ಪಟ್ಟಿಗಳನ್ನು ಜೋಡಿಸಿದರೆ ಒಂದು ಜಿಲ್ಲೆಯ ಪ್ರತಿಯೊಂದು ಶ್ರಾವಕ ಮನೆಯೂ ಹೆಸರು, ಉದ್ಯಮ, ಬಂಧುತ್ವಗಳ ಸಮೇತ ಒಂದೇ ಕಡೆ ಸಿಕ್ಕಿಬಿಡುತ್ತದೆ. ಚಿಕ್ಕ ಸಮಾಜವೊಂದು ತನ್ನ ಮನೆಗಳ ನಕ್ಷೆಯನ್ನು ತಾನೇ ಬರೆದು ಅಪರಿಚಿತರಿಗೆ ಹಂಚುವುದು ಜಾಣತನವಲ್ಲ.

ಕಾನೂನು ಏನು ಹೇಳುತ್ತದೆ?

ಖಾಸಗಿತನವು ಪಾಶ್ಚಾತ್ಯರ ಕಲ್ಪನೆ, ನಮಗೇಕೆ ಎನ್ನುವವರಿದ್ದಾರೆ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ವ್ಯಾಜ್ಯದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದಕ್ಕೂ ಬಹಳ ಹಿಂದೆಯೇ, 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಗಣತಿಯ ಮೂಲ ದಾಖಲೆಗಳನ್ನು ಯಾರೂ ಪರಿಶೀಲಿಸಲಾಗದಂತೆ, ಸಿವಿಲ್ ವ್ಯಾಜ್ಯಗಳಲ್ಲಿ ಸಾಕ್ಷ್ಯವಾಗಿಯೂ ಬಳಸಲಾಗದಂತೆ ಮಾಡಿದೆ. ಪ್ರತಿ ಮನೆಯ ಬಾಗಿಲಿಗೂ ಬಂದು ಹೆಸರು ಬರೆದುಕೊಳ್ಳುವ ಸರಕಾರವೇ ಆ ಕಾಗದಕ್ಕೆ ಬೀಗ ಹಾಕಿದೆ. ಬ್ರಿಟನ್ನಿನಲ್ಲಿ 1921ರ ಗಣತಿಯ ಹಾಳೆಗಳು ನೂರು ವರ್ಷ ಕಳೆದ ಮೇಲೆ 2022ರಲ್ಲಿ ಸಾರ್ವಜನಿಕರಿಗೆ ದೊರೆತವು. ಅಮೆರಿಕದಲ್ಲಿ ಈ ಅವಧಿ 72 ವರ್ಷ. ವಂಶಶೋಧನೆಯಲ್ಲಿ ಅತ್ಯಂತ ಉತ್ಸಾಹಿಗಳಾದ ದೇಶಗಳೇ ಬದುಕಿರುವವರ ವಿಷಯದಲ್ಲಿ ಇಷ್ಟು ಕಾಯುತ್ತವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ನಮ್ಮ ಬಸದಿಗಳ ಟ್ರಸ್ಟಿನವರು ಗಮನವಿಟ್ಟು ಓದಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಆ ದಿನದಿಂದ ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಗಿದೆ. ವ್ಯಕ್ತಿಯೊಬ್ಬನು ಸ್ವಂತದ ಅಥವಾ ಮನೆಯ ಉಪಯೋಗಕ್ಕಾಗಿ ಇಟ್ಟುಕೊಂಡ ವಿವರಗಳಿಗೆ ಕಾಯಿದೆ ಅನ್ವಯಿಸುವುದಿಲ್ಲ. ಆದರೆ ಟ್ರಸ್ಟು ವ್ಯಕ್ತಿಯಲ್ಲ, ಅದರ ಕೈಪಿಡಿ ಮನೆಯ ಉಪಯೋಗದ ವಸ್ತುವೂ ಅಲ್ಲ. ಸಮಾಜದ ಕುಟುಂಬ ಕೈಪಿಡಿ, ವಧೂವರರ ಮಾಹಿತಿ ಪುಸ್ತಿಕೆ, ದಾನಿಗಳ ಪಟ್ಟಿ ಇವುಗಳನ್ನು ಜಾಲತಾಣಕ್ಕೆ ಏರಿಸುವ ಟ್ರಸ್ಟುಗಳು ಒಪ್ಪಿಗೆಯ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕೆಂದು ಕಾಯಿದೆ ಹೇಳುತ್ತದೆ. ವಿವರಗಳಿಗೆ ತಕ್ಕ ಭದ್ರತೆ ಒದಗಿಸದವರಿಗೆ ವಿಧಿಸಬಹುದಾದ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ.

ಇನ್ನೊಬ್ಬರ ವಿವರವನ್ನು ಇಟ್ಟುಕೊಂಡು ಬಳಸುವವರಿಗೆ ಈ ಕಾಯಿದೆ ಕೊಟ್ಟಿರುವ ಹೆಸರು 'ಡೇಟಾ ಫಿಡ್ಯೂಷಿಯರಿ'. ನಂಬಿಕೆಯ ಮೇಲೆ ಇನ್ನೊಬ್ಬರ ಒಡವೆಯನ್ನು ಇರಿಸಿಕೊಂಡವನು ಎಂದು ಅದರ ಅರ್ಥ. ನಮ್ಮ ಶಾಸ್ತ್ರಕಾರರು ಇದಕ್ಕೆ ಬಳಸಿದ ಪದ ನ್ಯಾಸ. ದೇವದ್ರವ್ಯದ ಒಂದು ಪೈಸೆಯೂ ಅತ್ತಿತ್ತ ಆಗದಂತೆ ಲೆಕ್ಕವಿಡುವ ನಮ್ಮ ಧರ್ಮದರ್ಶಿಗಳಿಗೆ ಈ ಪದದ ಭಾರವನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಮಾಡಬೇಕಾದುದೇನು?

ಆಕ್ಷೇಪಿಸಿದವನು ದಾರಿಯನ್ನೂ ತೋರಿಸಬೇಕು. ವಂಶಾವಳಿಗೆ ಎರಡು ಪುಸ್ತಕಗಳಿರಲಿ. ಒಂದು ಮನೆಯ ಪುಸ್ತಕ. ಅದರಲ್ಲಿ ಎಲ್ಲವೂ ಇರಲಿ, ಹೆಣ್ಣುಮಕ್ಕಳ ಹೆಸರೂ ಮನೆತನದಲ್ಲಿ ಬರುವ ಕಾಯಿಲೆಗಳೂ ಇರಲಿ. ವೈದ್ಯರಿಗೆ ಹೇಳಲು ಮುಂದಿನವರಿಗೆ ಅದು ಬೇಕಾಗುತ್ತದೆ. ಇನ್ನೊಂದು ಊರಿನ ಪುಸ್ತಕ. ಅದರಲ್ಲಿ ಅಗಲಿದವರ ವಿಷಯ ಮಾತ್ರ ಇರಲಿ. ಬದುಕಿರುವವರ ಜಾಗದಲ್ಲಿ 'ಮಗ', 'ಮಗಳು' ಎಂದಷ್ಟೇ ಇದ್ದರೆ ಸಾಕು. ತಮ್ಮ ಹೆಸರು ಇರಲಿ ಎಂದು ಅವರೇ ಹೇಳಿದರೆ ಸಂತೋಷದಿಂದ ಸೇರಿಸಬೇಕು. ನೂರು ವರ್ಷದೊಳಗೆ ಹುಟ್ಟಿ, ತೀರಿಕೊಂಡ ವಿಷಯ ಖಚಿತವಾಗದವರನ್ನು ಬದುಕಿರುವವರೆಂದೇ ಭಾವಿಸಬೇಕು. ಅಗಲಿದವರ ವಿಷಯದಲ್ಲಿಯೂ, ಬರೆಯುವ ಸಾಲು ಇಂದು ಬದುಕಿರುವ ಯಾರಿಗಾದರೂ ಕುತ್ತಾಗುವುದೇ ಎಂದು ಕೇಳಿಕೊಳ್ಳಬೇಕು.

ಹಿರಿಯರಿಂದ ಕೇಳಿ ಬರೆದುಕೊಂಡುದನ್ನು ಅವರಿಗೆ ಮರಳಿ ಓದಿ ಹೇಳಬೇಕು. ಅವರು ಬೇಡವೆಂದ ಸಾಲನ್ನು ಊರಿನ ಪುಸ್ತಕದಿಂದ ಮಾತ್ರವಲ್ಲ, ಬೇಕೆಂದರೆ ಮನೆಯ ಪುಸ್ತಕದಿಂದಲೂ ತೆಗೆಯಬೇಕು. ಎಂಜಲು ಪರೀಕ್ಷೆಗೆ ಕಳುಹಿಸುವವರು ತಮ್ಮ ದೇಹದೊಡನೆ ಅಣ್ಣತಮ್ಮ, ಅಕ್ಕತಂಗಿಯರ ವಿವರವನ್ನೂ ಕಳುಹಿಸುತ್ತಿದ್ದೇವೆಂದು ತಿಳಿದು, ಮೊದಲು ಅವರನ್ನು ಕೇಳಬೇಕು. ಯಾರಾದರೂ "ನನ್ನ ವಿವರ ತೆಗೆಯಿರಿ" ಎಂದರೆ ಕಾರಣ ಕೇಳದೆ ತೆಗೆಯಬೇಕು. ಇಟ್ಟ ಒಡವೆಯನ್ನು ಮರಳಿ ಕೇಳುವವನಿಗೆ ಕಾರಣ ಹೇಳುವ ಹೊಣೆಯಿಲ್ಲ.

ಟ್ರಸ್ಟುಗಳು ಮುಂದಿನ ಸಭೆಯಲ್ಲಿಯೇ ಒಂದು ನಿರ್ಣಯ ಮಾಡಲಿ. ಜಾಲತಾಣದಲ್ಲಿರುವ ಹಳೆಯ ಕೈಪಿಡಿಗಳನ್ನು ಕೆಳಗಿಳಿಸಲಿ. ಮುಂದಿನ ಕೈಪಿಡಿಯ ನಮೂನೆಯಲ್ಲಿ ಪ್ರತಿಯೊಂದು ವಿವರದ ಮುಂದೆಯೂ ಒಪ್ಪಿಗೆಯ ಸಹಿಗೆ ಜಾಗವಿರಲಿ. ಆ ಸಹಿ ಮನೆಯ ಯಜಮಾನನೊಬ್ಬನದೇ ಆಗದೆ, ವಯಸ್ಸಿಗೆ ಬಂದ ಪ್ರತಿಯೊಬ್ಬ ಸದಸ್ಯನದೂ ಸದಸ್ಯೆಯದೂ ಆಗಿರಲಿ. ವಧೂವರರ ವಿವರಗಳನ್ನು ಸಂಬಂಧ ಕೇಳಿ ಬಂದವರಿಗೆ ಮಾತ್ರ ತೋರಿಸುವ, ಮದುವೆ ಗೊತ್ತಾದೊಡನೆ ಅಳಿಸುವ ಏರ್ಪಾಡು ಆಗಲಿ.

ಇದರಿಂದ ವಂಶೇತಿಹಾಸದ ಕೆಲಸ ನಿಧಾನವಾಗುತ್ತದೆ ಎಂದು ಕೆಲವರು ಹೇಳುವರು. ಆಗಲಿ. ಸಾವಿರ ವರ್ಷದ ಹಿಂದಿನ ಶಾಸನಗಳನ್ನು ಓದುವ ತಾಳ್ಮೆಯುಳ್ಳ ಸಮಾಜಕ್ಕೆ ಒಬ್ಬ ದೊಡ್ಡಮ್ಮನ ಒಪ್ಪಿಗೆಗಾಗಿ ಒಂದು ವಾರ ಕಾಯುವ ತಾಳ್ಮೆ ಇರಲಾರದೇ? ಆಕೆ ಬೇಡವೆಂದರೆ ನಮ್ಮ ವಂಶವೃಕ್ಷದಲ್ಲಿ ಒಂದು ಕೊಂಬೆ ಖಾಲಿ ಉಳಿಯುತ್ತದೆ. ಉಳಿಯಲಿ, ಆ ಖಾಲಿ ಜಾಗವೂ ಆಕೆಯದೇ.